ಹಳೆಯ ಪವರ್ ಟ್ಯೂಬ್‌ಗಳು: ನಿಮ್ಮ ಆಂಪ್ಲಿಫೈಯರ್‌ಗೆ ಹೊಂದುವುದು ಯಾವುದು?

ಹಳೆಯ ಪವರ್ ಟ್ಯೂಬ್, ಅಂದರೆ ಸ್ಪೀಕರ್ ನಡೆಸುವಷ್ಟು ಶಕ್ತಿ ಕೊಡುವ ನಿರ್ವಾತ ಕೊಳವೆ, ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವುದು ಚೆನ್ನಾಗಿ ಹಾಡುತ್ತದೆ?" ಎಂದು. ಅದಕ್ಕೂ ಮುಂಚೆ ಆಂಪ್ಲಿಫೈಯರನ್ನು ಮಗುಚಿ, ತಳದ ತಗಡು ಬಿಚ್ಚಿ, ನಾಲ್ಕು ಸಂಖ್ಯೆ ಬರೆದುಕೊಳ್ಳಬೇಕು. ಟ್ಯೂಬಿನ ಕ್ಯಾಥೋಡನ್ನು ಕಾಯಿಸುವ ಹೀಟರ್‌ಗೆ ಟ್ರಾನ್ಸ್‌ಫಾರ್ಮರ್‌ನ ವೈಂಡಿಂಗ್ ಎಷ್ಟು ಆಂಪಿಯರ್ ಕೊಡಬಲ್ಲದು? ಕ್ಯಾಥೋಡ್‌ನಿಂದ ಎಲೆಕ್ಟ್ರಾನ್ ಸೆಳೆದುಕೊಳ್ಳುವ ಪ್ಲೇಟ್‌ಗೆ ಎಷ್ಟು ವೋಲ್ಟ್ ಬರುತ್ತಿದೆ? ಆ ಹರಿವನ್ನು ಹಿಡಿತದಲ್ಲಿಡುವ ಗ್ರಿಡ್‌ಗೆ ಹಾಕಿರುವ ಲೀಕ್ ರೆಸಿಸ್ಟರ್ ಎಷ್ಟು ಕಿಲೋಓಮ್? ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಎಷ್ಟು ಓಮ್? ಈ ನಾಲ್ಕೂ ಕೈಯಲ್ಲಿದ್ದರೆ ಹತ್ತಾರು ಹೆಸರುಗಳ ಪಟ್ಟಿ ಎರಡು ಮೂರಕ್ಕೆ ಇಳಿಯುತ್ತದೆ. ಇವನ್ನು ನೋಡದೆ ಕೊಂಡ ದುಬಾರಿ ಟ್ಯೂಬ್ ಒಂದೋ ತಾನು ಸುಡುತ್ತದೆ, ಇಲ್ಲವೇ ಟ್ರಾನ್ಸ್‌ಫಾರ್ಮರನ್ನು ಸುಡುತ್ತದೆ. ಟ್ಯೂಬ್ ಮತ್ತೆ ಸಿಕ್ಕೀತು, ಹಳೆಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ.

ತಳ ಬಿಚ್ಚುವ ಮುನ್ನ ಒಂದು ಮಾತು. ಒಳಗೆ 300ರಿಂದ 560 ವೋಲ್ಟ್‌ವರೆಗೆ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು, ಅದು ಜೀವ ತೆಗೆಯಬಲ್ಲದು. 10 ಕಿಲೋಓಮ್, 10 ವ್ಯಾಟ್‌ನ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ, ಅದರ ಮೂಲಕ ಕೆಪಾಸಿಟರ್ ಖಾಲಿ ಮಾಡಿ, ಮೀಟರ್ ಸೊನ್ನೆ ತೋರಿಸಿದ ಮೇಲೆ ಮಾತ್ರ ಕೈ ಹಾಕಿ. ಸ್ಪೀಕರ್ ಅಥವಾ ಡಮ್ಮಿ ಲೋಡ್ (ಸ್ಪೀಕರ್ ಬದಲು ಹಾಕುವ ರೆಸಿಸ್ಟರ್) ಇಲ್ಲದೆ ಆಂಪ್ಲಿಫೈಯರ್ ಓಡಿಸಬೇಡಿ.

ಎಷ್ಟು ವ್ಯಾಟ್ ಬೇಕು

ವ್ಯಾಟ್ ದುಪ್ಪಟ್ಟಾದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಒಂದು ಜೊತೆ ಇಎಲ್34 ಕೊಡುವ 35 ವ್ಯಾಟ್‌ನಿಂದ ಒಂದು ಜೊತೆ ಕೆಟಿ88 ಕೊಡುವ 50 ವ್ಯಾಟ್‌ಗೆ ಹಾರಿದರೆ ಸಿಗುವುದು ಸುಮಾರು ಒಂದೂವರೆ ಡೆಸಿಬೆಲ್. ಅದಕ್ಕಾಗಿ ಪವರ್ ಟ್ರಾನ್ಸ್‌ಫಾರ್ಮರನ್ನು ಬಿಸಿ ಮಾಡುವುದು ನಷ್ಟದ ವ್ಯವಹಾರ. ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವ್ಯಾಟ್‌ಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು, ಇದಕ್ಕಿಂತ ಬಹಳ ದೊಡ್ಡ ಸಂಗತಿ. 96 ಡೆಸಿಬೆಲ್ ಸ್ಪೀಕರ್‌ಗೆ 3.5 ವ್ಯಾಟ್ ಕೊಟ್ಟರೆ, 86 ಡೆಸಿಬೆಲ್ ಸ್ಪೀಕರ್‌ಗೆ 35 ವ್ಯಾಟ್ ಕೊಟ್ಟಷ್ಟೇ ಶಬ್ದ ಬರುತ್ತದೆ. ಆದ್ದರಿಂದ ಸ್ಪೀಕರ್ 86ರ ಆಸುಪಾಸಿನದಾಗಿದ್ದರೆ 2ಎ3, 300ಬಿಗಳ ಆಸೆ ಬಿಟ್ಟು ಇಎಲ್34ರಿಂದ ಮೇಲಕ್ಕೆ ನೋಡಿ. 90 ದಾಟಿದ್ದು ಕೋಣೆ ಸಾಧಾರಣ ಅಳತೆಯದಾಗಿದ್ದರೆ ಒಂದು ಜೊತೆ ಇಎಲ್84 ಸಾಕು. 95 ದಾಟಿದ ಮೇಲೆಯೇ ಒಂಟಿ ಟ್ರಯೋಡ್‌ನ (2ಎ3, 300ಬಿಯಂಥ, ಒಂದೇ ಗ್ರಿಡ್‌ನ ಟ್ಯೂಬ್) ಮಾತು.

ಇಎಲ್84 ಮತ್ತು 6ವಿ6

ಎರಡರದ್ದೂ ಸಣ್ಣ ಮೈ, ಎರಡೂ ಪುಶ್-ಪುಲ್‌ನಲ್ಲಿ, ಅಂದರೆ ಎರಡು ಟ್ಯೂಬ್ ಎದುರುಬದುರಾಗಿ ದುಡಿಯುವ ಜೋಡಣೆಯಲ್ಲಿ, 10ರಿಂದ 15 ವ್ಯಾಟ್ ಕೊಡುತ್ತವೆ. ಹೋಲಿಕೆ ಅಲ್ಲಿಗೆ ಮುಗಿಯಿತು. 1953ರಲ್ಲಿ ಬಂದ ಇಎಲ್84 (ಅಮೆರಿಕದ ಗುರುತು 6ಬಿಕ್ಯೂ5) ಒಂಬತ್ತು ಪಿನ್‌ನದು, ಹೀಟರ್‌ಗೆ 0.76 ಆಂಪಿಯರ್ ಬೇಡುತ್ತದೆ. ಅದರ ಗ್ರಿಡ್ ಬಹಳ ಚುರುಕು: 250 ವೋಲ್ಟ್‌ನಲ್ಲಿ ಮೈನಸ್ 7.3 ವೋಲ್ಟ್ ಬಯಾಸ್ (ಕರೆಂಟನ್ನು ಹದದಲ್ಲಿಡಲು ಗ್ರಿಡ್‌ಗೆ ಕೊಡುವ ನೆಗೆಟಿವ್ ವೋಲ್ಟ್) ಸಾಕು, ಟ್ರಾನ್ಸ್‌ಕಂಡಕ್ಟೆನ್ಸ್, ಅಂದರೆ ಗ್ರಿಡ್‌ನ ಒಂದು ವೋಲ್ಟ್‌ಗೆ ಪ್ಲೇಟ್ ಕರೆಂಟ್ ಬದಲಾಗುವಷ್ಟು, 11.3 ಮಿಲಿಆಂಪಿಯರ್ ಪ್ರತಿ ವೋಲ್ಟ್. ಹಾಗಾಗಿ ಇದಕ್ಕೆ ಸಿಗ್ನಲ್ ಕೊಡುವ ಹಿಂದಿನ ಹಂತ ಸರಳವಾಗಿದ್ದರೂ ನಡೆಯುತ್ತದೆ. ಮಲ್ಲಾರ್ಡ್ 5-10, ಲೀಕ್ ಸ್ಟೀರಿಯೊ 20, ಡೈನಾಕೊ ಎಸ್‌ಟಿ-35 ಇವೆಲ್ಲ ಇದರ ಮೇಲೆಯೇ ನಿಂತವು.

ಇದರ ಕಷ್ಟವೆಂದರೆ ಮಿತಿಯ ಅಂಚು. ಪ್ಲೇಟ್‌ಗೆ 300 ವೋಲ್ಟ್, 12 ವ್ಯಾಟ್ ಎಂದು ತಯಾರಕರ ಹಾಳೆ ಹೇಳುತ್ತದೆ. ಹಳೆಯ ಹಲವು ಆಂಪ್ಲಿಫೈಯರ್‌ಗಳು ಆ ಅಂಚಿನಲ್ಲೇ ಓಡುತ್ತವೆ, ಕೆಲವು ಅದನ್ನೂ ದಾಟುತ್ತವೆ. ಚಾಸಿಸ್ ಮೇಲೆ 7189 ಎಂದು ಬರೆದಿದ್ದರೆ ಇಎಲ್84 ಹಾಕಬೇಡಿ. 7189ಕ್ಕೆ ಪ್ಲೇಟ್‌ನಲ್ಲಿ 400 ವೋಲ್ಟ್ ತಾಳುವ ಶಕ್ತಿಯಿದೆ, ಆ ಆಂಪ್ಲಿಫೈಯರ್ ಅದನ್ನು ನಂಬಿಯೇ ಕಟ್ಟಿದ್ದು. ಮೂಲ 7189 ಸಿಗದಿದ್ದಾಗ ಸೋವಿಯತ್ 6ಪಿ14ಪಿ-ಇವಿ ಒಳ್ಳೆಯ ಬದಲಿ. ಗಟ್ಟಿಮುಟ್ಟಾಗಿ, ಹೆಚ್ಚು ಬಾಳಿಕೆಗೆಂದೇ ಮಾಡಿದ ಮಾದರಿ ಅದು. ಸಾದಾ 6ಪಿ14ಪಿಗೆ ಈ ಮಾತು ಅನ್ವಯಿಸುವುದಿಲ್ಲ, ಕೊನೆಯ ಎರಡು ಅಕ್ಷರ ಇದೆಯೇ ಎಂದು ನೋಡಿಯೇ ಕೊಳ್ಳಿ.

6ವಿ6 ಎಂಟು ಪಿನ್‌ನ ಆಕ್ಟಲ್ ಟ್ಯೂಬ್, 1930ರ ದಶಕದ್ದು. ಹೀಟರ್‌ಗೆ 0.45 ಆಂಪಿಯರ್ ಸಾಕು. ಟ್ರಾನ್ಸ್‌ಕಂಡಕ್ಟೆನ್ಸ್ 4.1 ಮಾತ್ರ, ಆದ್ದರಿಂದ ಸಿಗ್ನಲ್ ಕೊಡುವ ಹಿಂದಿನ ಹಂತ ಹೆಚ್ಚು ವೋಲ್ಟ್ ಹೊರಬೇಕು: 285 ವೋಲ್ಟ್, 8 ಕಿಲೋಓಮ್ ಲೋಡ್‌ನಲ್ಲಿ ಮೈನಸ್ 19 ವೋಲ್ಟ್ ಬಯಾಸ್ ಬೇಕು, ಒಂದು ಜೊತೆಯಿಂದ 14 ವ್ಯಾಟ್ ಬರುತ್ತದೆ. ಸುಲಭಕ್ಕೆ ಸಾಯದ ಟ್ಯೂಬ್ ಇದು. ಆರ್‌ಸಿಎ, ಸಿಲ್ವೇನಿಯಾ, ಜನರಲ್ ಎಲೆಕ್ಟ್ರಿಕ್ ಇವನ್ನು ಲಕ್ಷಗಟ್ಟಲೆ ಮಾಡಿದ್ದರಿಂದ ಹಳೆಯ ಸರಕಿನಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಬೆಲೆ ಬರುವುದು ಇದರಲ್ಲೇ ಎಂಬುದು ನಮ್ಮ ಅಭಿಪ್ರಾಯ.

ಇಎಲ್34

ಮನೆಯ ಹೈ-ಫೈಗೆ ಎಲ್ಲ ಕಡೆಯಿಂದ ನೋಡಿದರೂ ತಕ್ಕಡಿ ಸಮನಾಗಿ ತೂಗುವ ಟ್ಯೂಬ್ ಇದು. ನಿಜವಾದ ಪೆಂಟೋಡ್, ಅಂದರೆ ಮೂರು ಗ್ರಿಡ್‌ನ ಟ್ಯೂಬ್. ಹೀಟರ್‌ಗೆ 1.5 ಆಂಪಿಯರ್, ಪ್ಲೇಟ್‌ಗೆ 25 ವ್ಯಾಟ್, ಟ್ರಾನ್ಸ್‌ಕಂಡಕ್ಟೆನ್ಸ್ 11. ಅಲ್ಟ್ರಾಲೀನಿಯರ್‌ನಲ್ಲಿ (ಸ್ಕ್ರೀನ್ ಗ್ರಿಡ್ಡನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ನಡುವಿನ ಟ್ಯಾಪ್‌ಗೆ ಕಟ್ಟುವ ಜೋಡಣೆ) ಶೇಕಡ 43ರ ಟ್ಯಾಪ್, 6.6 ಕಿಲೋಓಮ್ ಪ್ರೈಮರಿ ಇಟ್ಟು ಮಲ್ಲಾರ್ಡ್ 5-20 ವಿನ್ಯಾಸ 20 ವ್ಯಾಟ್ ತೆಗೆಯುತ್ತದೆ. 1959ರ ಡೈನಾಕೊ ಸ್ಟೀರಿಯೊ 70 ಇದೇ ಟ್ಯೂಬಿನ ಒಂದು ಜೊತೆಯಿಂದ ಪ್ರತಿ ಚಾನೆಲ್‌ಗೆ 35 ವ್ಯಾಟ್ ತೆಗೆಯಿತು. ಮಾರಾಂಟ್ಸ್ 8ಬಿ ಕೂಡ ಇದನ್ನೇ ಬಳಸುತ್ತದೆ.

ಇದರ ದುರ್ಬಲ ಜಾಗ ಸ್ಕ್ರೀನ್ ಗ್ರಿಡ್, ಅಂದರೆ ಮೊದಲ ಗ್ರಿಡ್ ಮತ್ತು ಪ್ಲೇಟ್ ನಡುವಿನ ಎರಡನೇ ಗ್ರಿಡ್. ಅದರ ಮಿತಿ 8 ವ್ಯಾಟ್. ಪ್ಲೇಟ್ ಮತ್ತು ಸ್ಕ್ರೀನ್ ಎರಡಕ್ಕೂ 400 ವೋಲ್ಟ್ ಮೀರಿ ಕೊಡುವ ಪೆಂಟೋಡ್ ಜೋಡಣೆಯಲ್ಲಿ ಜೋರಾಗಿ ಬಾರಿಸಿದಾಗ ಮೊದಲು ಸುಡುವುದು ಅದೇ. ಪ್ರತಿ ಟ್ಯೂಬಿನ 4ನೇ ಪಿನ್‌ಗೆ 1 ಕಿಲೋಓಮ್, 5 ವ್ಯಾಟ್‌ನ ರೆಸಿಸ್ಟರ್ ಇಲ್ಲದಿದ್ದರೆ ಹಾಕಿಸಿ. ಅಲ್ಟ್ರಾಲೀನಿಯರ್‌ನಲ್ಲಿ 100ರಿಂದ 470 ಓಮ್ ಸಾಕು.

ಹಳೆಯ ಇಎಲ್34ಗಳಲ್ಲಿ ಜನ ಬೆನ್ನಟ್ಟುವುದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯ ಮಲ್ಲಾರ್ಡ್‌ಗಳನ್ನು. ಗಾಜಿನ ಕೆಳಭಾಗದಲ್ಲಿ ಎಕ್ಸ್‌ಎಫ್1, ಎಕ್ಸ್‌ಎಫ್2 ಎಂಬ ಮಸುಕು ಬೂದು ಗುರುತು, ಅದರ ಕೆಳಗೆ ಬಿ ಅಕ್ಷರದಿಂದ ಶುರುವಾಗುವ ಸಾಲು. ಮೊದಲ ಆವೃತ್ತಿಗಳಿಗೆ ಕೇಳುವ ಬೆಲೆ ಬೇರೆಯದೇ ಲೋಕದ್ದು. ಕೇಳಲು ಕೊಳ್ಳುವವರು, ಸಂಗ್ರಹಕ್ಕಲ್ಲದವರು, ಪೂರ್ವ ಜರ್ಮನಿಯ ಆರ್‌ಎಫ್‌ಟಿ ಇಎಲ್34 ಕಡೆ ನೋಡಬೇಕು. ಸೀಮೆನ್ಸ್ ಹೆಸರಿನ ಎಷ್ಟೋ ಇಎಲ್34ಗಳು ಅಲ್ಲಿಯವೇ. ಬಿಗಿಯಾದ ಕಟ್ಟು, ಬಯಾಸ್ ಅಲುಗಾಡದೆ ನಿಲ್ಲುತ್ತದೆ. ಅಮೆರಿಕದ ಸಿಲ್ವೇನಿಯಾ 6ಸಿಎ7 ಮಾತ್ರ ಒಳಗೆ ಬೇರೆ ಜಾತಿ. ದಪ್ಪ ಗಾಜಿನೊಳಗೆ ಪೆಂಟೋಡ್ ಬದಲು ಎಲೆಕ್ಟ್ರಾನ್‌ಗಳನ್ನು ಕಿರಣವಾಗಿ ಕೂಡಿಸುವ ಬೀಮ್ ರಚನೆಯಿದೆ. ಇಎಲ್34 ಜಾಗದಲ್ಲಿ ನೇರ ಕೂರುತ್ತದೆ, ತಗ್ಗು ಸ್ವರಗಳಲ್ಲಿ 6ಎಲ್6ನ ಕಡೆಗೆ ವಾಲುತ್ತದೆ. ಒಂದು ಚಾನೆಲ್‌ನಲ್ಲಿ ಇಎಲ್34 ಒಂದು, 6ಸಿಎ7 ಒಂದು ಎಂದು ಬೆರೆಸಬೇಡಿ.

6ಎಲ್6 ಮತ್ತು ಕೆಟಿ66

ಆರ್‌ಸಿಎ 1936ರಲ್ಲಿ 6ಎಲ್6 ತಂದಾಗ ಅದು ಲೋಹದ ಹೊದಿಕೆಯ ಟ್ಯೂಬ್. ಆ ಮೇಲೆ ಬಂದ ಜಿ, ಜಿಎ, ಜಿಬಿ, ಜಿಸಿ ಎಂಬ ಬಾಲಗಳನ್ನು ಸರಿಯಾಗಿ ಓದದೆ ಹಣ ಕಳೆದುಕೊಂಡವರು ಬಹಳ. ಕೊನೆಯ ಜಿಸಿ ಮಾತ್ರ 30 ವ್ಯಾಟ್, 500 ವೋಲ್ಟ್ ತಾಳುತ್ತದೆ. ಉಳಿದವುಗಳ ಮಿತಿ 20 ವ್ಯಾಟ್‌ಗಿಂತ ಕಡಿಮೆ. ಜಿಸಿಗೆಂದು ಕಟ್ಟಿದ ಆಂಪ್ಲಿಫೈಯರ್‌ಗೆ ಜಿಬಿ ಹಾಕಿದರೆ ಕೆಲವೇ ನಿಮಿಷದಲ್ಲಿ ಪ್ಲೇಟ್ ಕೆಂಪಾಗುತ್ತದೆ. ಟಂಗ್-ಸೋಲ್ 5881 ಇವೆರಡರ ನಡುವಿನದು, 23 ವ್ಯಾಟ್‌ನದು, ಬಹಳ ಗಟ್ಟಿ. 400 ವೋಲ್ಟ್ ಒಳಗಿನ ಆಂಪ್ಲಿಫೈಯರ್‌ಗಳಲ್ಲಿ 6ಎಲ್6ಜಿಬಿಗಿಂತ ಅದನ್ನೇ ಆರಿಸಿ.

ಒಂದು ಜೊತೆ 6ಎಲ್6ಜಿಸಿ 450 ವೋಲ್ಟ್, 5.6 ಕಿಲೋಓಮ್, ಮೈನಸ್ 37 ವೋಲ್ಟ್ ಬಯಾಸ್‌ನಲ್ಲಿ 55 ವ್ಯಾಟ್ ಕೊಡುತ್ತದೆ, ಒಂದೊಂದರ ಹೀಟರ್‌ಗೆ ಬರೀ 0.9 ಆಂಪಿಯರ್. ಆರ್‌ಸಿಎ ಕಪ್ಪು ಪ್ಲೇಟ್‌ನವು ಹೆಸರುವಾಸಿ. ಸಿಲ್ವೇನಿಯಾದ ಎಸ್‌ಟಿಆರ್-387 ಅಷ್ಟೇ ಒಳ್ಳೆಯದು. ಮ್ಯಾಕಿಂಟಾಶ್ ಎಂಸಿ240ಗೆ ಬೇಕಾದುದು ಜಿಸಿಯೇ.

ಕೆಟಿ66 ಇಂಗ್ಲೆಂಡಿನ ಎಂ-ಓ ವಾಲ್ವ್ ಕಂಪನಿ 1937ರಲ್ಲಿ ತಂದದ್ದು. 1947ರ ವಿಲಿಯಮ್‌ಸನ್ ಆಂಪ್ಲಿಫೈಯರ್, 1953ರ ಕ್ವಾಡ್ 2 ಎರಡೂ ಇದರವು. ಟ್ರಯೋಡ್ ಆಗಿ ಜೋಡಿಸಿದಾಗ, ಅಂದರೆ ಸ್ಕ್ರೀನನ್ನು 100 ಓಮ್ ಮೂಲಕ ಪ್ಲೇಟ್‌ಗೆ ಕಟ್ಟಿದಾಗ, ಇದರ ಸ್ವರಶುದ್ಧಿಗೆ ಎಣೆಯಿಲ್ಲ ಎಂದೇ ಹೇಳಬೇಕು. ಹೀಟರ್ 1.3 ಆಂಪಿಯರ್ ಬೇಡುತ್ತದೆ. 6ಎಲ್6ಜಿಸಿ ಜಾಗಕ್ಕೆ ಇಡುವಾಗ ಆ ಹೆಚ್ಚಿನ 0.4 ಆಂಪಿಯರ್ ಲೆಕ್ಕಕ್ಕೆ ಬರಲಿ, ನಾಲ್ಕು ಟ್ಯೂಬ್‌ಗೆ ಅದು 1.6 ಆಂಪಿಯರ್. ಮಿತಿಯೂ 30 ಬದಲು 25 ವ್ಯಾಟ್ ಆಗುತ್ತದೆ. ಗಾಜು ಅಗಲವಾದ್ದರಿಂದ ಪಕ್ಕದ ಟ್ಯೂಬಿಗೆ ತಾಗದೆ ಕೂರುತ್ತದೆಯೇ ಎಂದು ಅಳೆದುಕೊಳ್ಳಿ.

6550 ಮತ್ತು ಕೆಟಿ88

ಟಂಗ್-ಸೋಲ್‌ನ 6550, ಎಂ-ಓ ವಾಲ್ವ್‌ನ ಕೆಟಿ88 ಎರಡೂ 1950ರ ದಶಕದ ನಡುಭಾಗದ ಹುಟ್ಟು. ಇಬ್ಬರಿಗೂ ಹೀಟರ್ 1.6 ಆಂಪಿಯರ್, ಟ್ರಾನ್ಸ್‌ಕಂಡಕ್ಟೆನ್ಸ್ 11ರ ಸುತ್ತ, ಪ್ಲೇಟ್ 35 ವ್ಯಾಟ್. ನಂತರದ 6550ಎಗೆ 42 ವ್ಯಾಟ್. ವೋಲ್ಟ್ ತಾಳುವುದರಲ್ಲಿ ಕೆಟಿ88 ಮುಂದೆ, 800 ವೋಲ್ಟ್‌ವರೆಗೆ. 6550ಯ ಮಿತಿ 660ರ ಹತ್ತಿರ. 5 ಕಿಲೋಓಮ್ ಅಲ್ಟ್ರಾಲೀನಿಯರ್‌ನಲ್ಲಿ ಒಂದು ಜೊತೆ ಕೆಟಿ88 50 ವ್ಯಾಟ್ ಕೊಡುತ್ತದೆ, 560 ವೋಲ್ಟ್ ಕೊಟ್ಟರೆ 100 ವ್ಯಾಟ್ ತಲುಪುತ್ತದೆ. 1961ರ ಮ್ಯಾಕಿಂಟಾಶ್ ಎಂಸಿ275 ಕೆಟಿ88ಕ್ಕೆ ಹೆಸರು ತಂದ ಯಂತ್ರ.

ಇಲ್ಲೊಂದು ಗುಂಡಿಯಿದೆ, ತುಂಬಾ ಜನ ಬೀಳುವುದು ಅದರಲ್ಲೇ. ಫಿಕ್ಸೆಡ್ ಬಯಾಸ್‌ನಲ್ಲಿ (ಬಯಾಸ್ ಕ್ಯಾಥೋಡ್ ರೆಸಿಸ್ಟರಿನಿಂದ ತಾನಾಗಿ ಹುಟ್ಟದೆ, ಬೇರೆ ಸರಬರಾಜಿನಿಂದ ಬರುವ ಜೋಡಣೆ) ಗ್ರಿಡ್ ಲೀಕ್ ರೆಸಿಸ್ಟರ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ ಟ್ಯೂಬಿನಿಂದ ಟ್ಯೂಬಿಗೆ ಅಜಗಜಾಂತರ:

ಇಎಲ್34: 500 ಕಿಲೋಓಮ್
ಇಎಲ್84, 7591: 300 ಕಿಲೋಓಮ್
ಕೆಟಿ88: 35 ವ್ಯಾಟ್ ಒಳಗೆ 220, ಅದಕ್ಕೂ ಮೇಲೆ 100 ಕಿಲೋಓಮ್
6ವಿ6, 6ಎಲ್6ಜಿಸಿ: 100 ಕಿಲೋಓಮ್
6550, 300ಬಿ: 50 ಕಿಲೋಓಮ್

ಕಾರಣ ಸರಳ. ಬಿಸಿಯಾದ ಟ್ಯೂಬಿನ ಗ್ರಿಡ್‌ನಿಂದ ಒಂದೆರಡು ಮೈಕ್ರೋಆಂಪಿಯರ್ ಸೋರುತ್ತದೆ. 50 ಕಿಲೋಓಮ್‌ನಲ್ಲಿ 4 ಮೈಕ್ರೋಆಂಪಿಯರ್ ಹರಿದರೆ ಬಯಾಸ್ ಬದಲಾಗುವುದು 0.2 ವೋಲ್ಟ್. 270 ಕಿಲೋಓಮ್‌ನಲ್ಲಿ ಅದೇ 4 ಮೈಕ್ರೋಆಂಪಿಯರ್ 1 ವೋಲ್ಟ್‌ಗೂ ಮೀರಿ ಬಯಾಸ್ ಕಡಿಮೆ ಮಾಡುತ್ತದೆ. ಕರೆಂಟ್ ಏರುತ್ತದೆ, ಟ್ಯೂಬ್ ಇನ್ನೂ ಕಾಯುತ್ತದೆ, ಸೋರಿಕೆ ಇನ್ನೂ ಹೆಚ್ಚುತ್ತದೆ, ಕೊನೆಗೆ ಪ್ಲೇಟ್ ಕೆಂಪಗಾಗಿ ಕೈಮೀರುತ್ತದೆ. ಸ್ಟೀರಿಯೊ 70ರಲ್ಲಿ ಈ ರೆಸಿಸ್ಟರ್ 270 ಕಿಲೋಓಮ್. ಇಎಲ್34ಗೆ ಧಾರಾಳ, 6550ಗೆ ಅಪಾಯ. ಪಿನ್ ಹೊಂದುತ್ತದೆ, ಹೀಟರ್ ಹೆಚ್ಚುಕಮ್ಮಿ ಸರಿಹೋಗುತ್ತದೆ, ಬಯಾಸ್ ಕೂರುತ್ತದೆ, ಮೊದಲ ಅರ್ಧ ಗಂಟೆ ಎಲ್ಲವೂ ಚೆನ್ನಾಗಿರುತ್ತದೆ. ಆಮೇಲೆ ಹಾಳಾಗುತ್ತದೆ. ರೆಸಿಸ್ಟರನ್ನು ಸುಮ್ಮನೆ ಚಿಕ್ಕದು ಮಾಡಿದರೂ ಸಿಗ್ನಲ್ ಕೊಡುವ ಹಿಂದಿನ ಹಂತಕ್ಕೆ ಭಾರ ಹೆಚ್ಚುತ್ತದೆ, ಆ ಹಂತದಿಂದ ಗ್ರಿಡ್‌ಗೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಜೊತೆ ಸೇರಿ ತಗ್ಗು ಸ್ವರವೂ ಕುಗ್ಗುತ್ತದೆ. 270ರಿಂದ 100ಕ್ಕೆ ಇಳಿಸಿದರೆ ಕೆಪಾಸಿಟರ್ ಸುಮಾರು 2.7 ಪಟ್ಟು ಆಗಬೇಕು.

7591

ಫಿಷರ್ 500ಸಿಯಂಥ ರಿಸೀವರ್ ಇರುವವರಿಗಷ್ಟೇ ಈ ಮಾತು. 19 ವ್ಯಾಟ್‌ನ ಪುಟ್ಟ ಟ್ಯೂಬ್ 450 ವೋಲ್ಟ್, 6.6 ಕಿಲೋಓಮ್‌ನಲ್ಲಿ ಒಂದು ಜೊತೆಯಾಗಿ 45 ವ್ಯಾಟ್ ಕೊಡುತ್ತದೆ, ಅದೂ ಮೈನಸ್ 21 ವೋಲ್ಟ್ ಬಯಾಸ್‌ನಲ್ಲಿ. ಆಕ್ಟಲ್ ಬುಡವಿದ್ದರೂ ಪಿನ್ ಜೋಡಣೆ ಬೇರೆ, 6ಎಲ್6 ಆಗಲಿ ಇಎಲ್34 ಆಗಲಿ ಅಲ್ಲಿ ಕೂಡದು. ಬೇರೆ ಆಯ್ಕೆಯಿಲ್ಲದ್ದರಿಂದ ಹಳೆಯ ವೆಸ್ಟಿಂಗ್‌ಹೌಸ್, ಸಿಲ್ವೇನಿಯಾ ಸರಕು ದುಬಾರಿ. ಹೊಸದಾಗಿ ತಯಾರಾಗುವ ಕೆಲವು 7591 ಗಾತ್ರದಲ್ಲಿ ದೊಡ್ಡವು, ಕವಚದೊಳಗೆ ಹಿಡಿಯುತ್ತವೆಯೇ ನೋಡಿಕೊಳ್ಳಬೇಕು.

45, 2ಎ3, 300ಬಿ

ಇವು ನೇರವಾಗಿ ತಂತುವೇ ಕ್ಯಾಥೋಡ್ ಆಗಿರುವ ಟ್ರಯೋಡ್‌ಗಳು. ಒಂಟಿಯಾಗಿ, ಫೀಡ್‌ಬ್ಯಾಕ್ (ತಪ್ಪು ತಿದ್ದಲು ಔಟ್‌ಪುಟ್‌ನ ಒಂದಂಶವನ್ನು ಹಿಂದಕ್ಕೆ ಕೊಡುವುದು) ಇಲ್ಲದೆ ಬಳಸುವುದೇ ಹೆಚ್ಚು. ಟ್ಯೂಬಿನಿಂದ ಟ್ಯೂಬಿಗೆ ಸ್ವರದ ವ್ಯತ್ಯಾಸ ನಿಜವಾಗಿ ಕಿವಿಗೆ ಬೀಳುವುದು ಇಲ್ಲಿ. 20 ಡೆಸಿಬೆಲ್ ಫೀಡ್‌ಬ್ಯಾಕ್ ಇರುವ ಪುಶ್-ಪುಲ್ ಆಂಪ್ಲಿಫೈಯರ್‌ನಲ್ಲಿ ಒಳ್ಳೆಯ ಎರಡು ಇಎಲ್34ಗಳ ನಡುವಿನ ಅಂತರ ಬಹಳ ಕಿರಿದು, ಅಲ್ಲಿ ಹಣ ಸುರಿಯುವುದಕ್ಕಿಂತ ಸರಿಯಾಗಿ ಮ್ಯಾಚ್ ಆದ ಜೊತೆ ಹುಡುಕುವುದು ಮೇಲು.

1929ರ 45ಕ್ಕೆ 2.5 ವೋಲ್ಟ್, 1.5 ಆಂಪಿಯರ್ ತಂತು, 10 ವ್ಯಾಟ್ ಪ್ಲೇಟ್, ಹೊರಬರುವುದು 2 ವ್ಯಾಟ್‌ಗಿಂತ ಹೆಚ್ಚಿಲ್ಲ. 1933ರ 2ಎ3ಗೆ 2.5 ವೋಲ್ಟ್, 2.5 ಆಂಪಿಯರ್. 250 ವೋಲ್ಟ್, ಮೈನಸ್ 45, 60 ಮಿಲಿಆಂಪಿಯರ್, 2.5 ಕಿಲೋಓಮ್‌ಗೆ 3.5 ವ್ಯಾಟ್. ವೆಸ್ಟರ್ನ್ ಎಲೆಕ್ಟ್ರಿಕ್‌ನ 1938ರ 300ಬಿಗೆ 5 ವೋಲ್ಟ್, 1.2 ಆಂಪಿಯರ್. 350 ವೋಲ್ಟ್, ಮೈನಸ್ 74, 60 ಮಿಲಿಆಂಪಿಯರ್‌ನಲ್ಲಿ ಸುಮಾರು 8 ವ್ಯಾಟ್. 300ಬಿಯ ಗ್ರಿಡ್‌ಗೆ 74 ವೋಲ್ಟ್ ಶಿಖರದ ಸಿಗ್ನಲ್ ಕೊಡಬಲ್ಲ ಡ್ರೈವರ್ ಬೇಕು ಎಂಬುದನ್ನು ಮರೆತ ವಿನ್ಯಾಸಗಳು ಮಂಕಾಗಿ ನುಡಿಯುತ್ತವೆ, ದೂಷಣೆ ಮಾತ್ರ ಟ್ಯೂಬಿಗೆ. ಇನ್ನೊಂದು ಸಂಗತಿ ಹಮ್, ಅಂದರೆ ಗೋಡೆಯ ವಿದ್ಯುತ್ತಿನ ಗುಂಯ್ ಸದ್ದು. 2.5 ವೋಲ್ಟ್ ತಂತುವನ್ನು ಎಸಿಯಲ್ಲಿ ಕಾಯಿಸಿ, ಹಮ್ ಪಾಟ್ (ಹೊಂದಿಸಬಲ್ಲ ರೆಸಿಸ್ಟರ್) ತಿರುಗಿಸಿ ಸಮ ಮಾಡಿದರೆ ನಡೆಯುತ್ತದೆ. 5 ವೋಲ್ಟ್‌ನ 300ಬಿ, ಅದೂ 95 ಡೆಸಿಬೆಲ್ ಮೀರಿದ ಸ್ಪೀಕರ್ ಎಂದರೆ ತಂತುವಿಗೆ ಡಿಸಿಯೇ ಒಳಿತು. ಹಳೆಯ 300ಬಿಯ ಬೆಲೆ ನೋಡಿದರೆ ಮೊದಲ ಒಂಟಿ ಟ್ರಯೋಡ್ ಆಂಪ್ಲಿಫೈಯರ್‌ಗೆ ಎರಡು ಪ್ಲೇಟ್‌ನ ಆರ್‌ಸಿಎ 2ಎ3 ಜಾಣ ಆಯ್ಕೆ. ಒಂದೇ ಪ್ಲೇಟ್‌ನ ಮೊದಲ ಕಾಲದ 2ಎ3 ಸಂಗ್ರಾಹಕರ ಪಾಲು.

ಒಂದರ ಜಾಗಕ್ಕೆ ಇನ್ನೊಂದು

ಇಎಲ್34 ಜಾಗಕ್ಕೆ 6ಎಲ್6ಜಿಸಿ ಇಟ್ಟರೆ ಹೀಟರ್‌ಗೆ ಹೊರೆ ಕಡಿಮೆಯೇ ಆಗುತ್ತದೆ, ಬಯಾಸ್ ಹೊಂದಿಸಿದರೆ ಸಾಮಾನ್ಯವಾಗಿ ಓಡುತ್ತದೆ. ಆದರೆ ಗ್ರಿಡ್ ಲೀಕ್ ಮಿತಿ ನೋಡಿ. ಟ್ರಾನ್ಸ್‌ಕಂಡಕ್ಟೆನ್ಸ್ 11ರಿಂದ 6ಕ್ಕೆ ಇಳಿಯುವುದರಿಂದ ಫೀಡ್‌ಬ್ಯಾಕ್ ಕೂಡ ತೆಳುವಾಗುತ್ತದೆ.

ತಿರುವುಮುರುವಾಗಿ 6ಎಲ್6 ಜಾಗಕ್ಕೆ ಇಎಲ್34 ಇಡುವುದು ಕಷ್ಟದ ಕೆಲಸ. ನಾಲ್ಕು ಟ್ಯೂಬ್‌ಗೆ ಹೀಟರ್ ಹೊರೆ 2.4 ಆಂಪಿಯರ್ ಏರುತ್ತದೆ. ಇಎಲ್34ರ 1ನೇ ಪಿನ್ ಸಪ್ರೆಸರ್ ಗ್ರಿಡ್, ಅದನ್ನು 8ನೇ ಪಿನ್‌ನ ಕ್ಯಾಥೋಡ್‌ಗೆ ಸೇರಿಸಬೇಕು. 6ಎಲ್6ಜಿಸಿಯಲ್ಲಿ 1ನೇ ಪಿನ್‌ಗೆ ಕೆಲಸವಿಲ್ಲದ್ದರಿಂದ ಕೆಲವು ಆಂಪ್ಲಿಫೈಯರ್‌ಗಳಲ್ಲಿ ಸಾಕೆಟ್‌ನ ಆ ಕಿವಿಯನ್ನು ಬೇರೆ ವೈರ್ ಕಟ್ಟಲು ಬಳಸಿರುತ್ತಾರೆ, ಹೈ ವೋಲ್ಟೇಜ್ ಕೂಡ ಅಲ್ಲಿರಬಹುದು. ಮೊದಲು ಅದನ್ನು ಬಿಚ್ಚಿ ಬೇರೆಡೆಗೆ ಸಾಗಿಸಿ. 5ನೇ ಪಿನ್‌ಗೆ ಅಂಟಿಕೊಂಡಂತೆ 1ರಿಂದ 5.6 ಕಿಲೋಓಮ್‌ನ ಗ್ರಿಡ್ ಸ್ಟಾಪರ್ ರೆಸಿಸ್ಟರ್ ಹಾಕಿ. ಚುರುಕು ಟ್ಯೂಬ್ ಹಳೆಯ ವೈರಿಂಗ್‌ನಲ್ಲಿ ಕಿವಿಗೆ ಕೇಳದ ಆವರ್ತನದಲ್ಲಿ ಆಸಿಲೇಟ್ ಆಗಿ ತನ್ನನ್ನೇ ಸುಟ್ಟುಕೊಳ್ಳಬಹುದು.

ಗೋಡೆಯ ವಿದ್ಯುತ್ತೂ ಇದರಲ್ಲಿ ಸೇರುತ್ತದೆ. 220 ವೋಲ್ಟ್‌ಗೆ ಕಟ್ಟಿದ ಟ್ರಾನ್ಸ್‌ಫಾರ್ಮರ್‌ಗೆ 240 ಬಂದರೆ 6.3 ಇರಬೇಕಾದ ಹೀಟರ್ 6.9 ತಲುಪುತ್ತದೆ, ಪ್ಲೇಟ್ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಏರುತ್ತದೆ. ಸಾಕೆಟ್‌ನಲ್ಲೇ ಅಳೆಯಿರಿ, 6.0ರಿಂದ 6.6ರೊಳಗೆ ಇರಲಿ. ಮೀರಿದ್ದರೆ ವೋಲ್ಟೇಜ್ ಇಳಿಸುವ ಬಕಿಂಗ್ ಟ್ರಾನ್ಸ್‌ಫಾರ್ಮರ್ ಹಾಕಿಸುವ ಖರ್ಚು ಒಂದು ಜೊತೆ ಹಳೆಯ ಟ್ಯೂಬಿಗಿಂತ ಕಡಿಮೆ.

ಗಾಜಿನ ಮೇಲಿನ ಹೆಸರನ್ನು ನಂಬುವ ಮುನ್ನ

ಟ್ಯೂಬ್ ಕಂಪನಿಗಳು ಒಬ್ಬರಿಗೊಬ್ಬರು ಮಾಡಿಕೊಡುತ್ತಿದ್ದವು. ಆಂಪ್ಲಿಫೈಯರ್ ಕಂಪನಿಗಳು ತಮ್ಮ ಹೆಸರು ಹೊಡೆಸಿ ಮಾರುತ್ತಿದ್ದವು. ಅಮೆರಿಕದ ಟ್ಯೂಬ್‌ಗಳಲ್ಲಿ ಮೂರಂಕಿಯ ತಯಾರಕ ಸಂಖ್ಯೆ ಹುಡುಕಿ: 188 ಜನರಲ್ ಎಲೆಕ್ಟ್ರಿಕ್, 274 ಆರ್‌ಸಿಎ, 312 ಸಿಲ್ವೇನಿಯಾ, 322 ಟಂಗ್-ಸೋಲ್. ಮುಂದಿನ ಅಂಕಿಗಳು ವರ್ಷ ಮತ್ತು ವಾರ. 312-6842 ಎಂದಿದ್ದರೆ ಮೇಲೆ ಯಾರ ಹೆಸರೇ ಇರಲಿ, ಅದು 1968ರ 42ನೇ ವಾರದ ಸಿಲ್ವೇನಿಯಾ. ಫಿಲಿಪ್ಸ್ ಬಳಗದಲ್ಲಿ ಬಿ ಎಂದರೆ ಬ್ಲ್ಯಾಕ್‌ಬರ್ನ್, ತ್ರಿಕೋನ ಗುರುತು ಹಾಲೆಂಡಿನ ಹೇರ್ಲೆನ್. ಟೆಲಿಫುಂಕೆನ್ ಇಎಲ್84ನಲ್ಲಿ ಪಿನ್‌ಗಳ ನಡುವೆ ಗಾಜಿನಲ್ಲೇ ವಜ್ರಾಕೃತಿ ಮೂಡಿರುತ್ತದೆ. ಬರೀ ಬಣ್ಣದಲ್ಲಿ ಟೆಲಿಫುಂಕೆನ್ ಎಂದು ಅಚ್ಚಾಗಿ ತಳದಲ್ಲಿ ವಜ್ರವಿಲ್ಲದಿದ್ದರೆ ಆ ಬೆಲೆ ಕೊಡಬೇಡಿ.

ಎಂ-ಓ ವಾಲ್ವ್ 1988ರಲ್ಲಿ ಟ್ಯೂಬ್ ತಯಾರಿಕೆ ನಿಲ್ಲಿಸಿತು. ಇಂದು ಹೊಸ ಪೆಟ್ಟಿಗೆಯಲ್ಲಿ ಬರುವ ಜೆನಲೆಕ್ಸ್ ಗೋಲ್ಡ್ ಲಯನ್, ಟಂಗ್-ಸೋಲ್, ಮಲ್ಲಾರ್ಡ್ ಹೆಸರಿನವು ರಷ್ಯದ ಸರಾತೊವ್‌ನಲ್ಲಿ ತಯಾರಾಗುವ ಹೊಸ ಟ್ಯೂಬ್‌ಗಳು. ಅವು ಕೆಟ್ಟವಲ್ಲ, ಕೆಲಸಕ್ಕೆ ಒಳ್ಳೆಯವೇ. ಹಳೆಯದರ ಬೆಲೆಗೆ ಮಾತ್ರ ಅವನ್ನು ಕೊಳ್ಳಬಾರದು.

ಕೊಳ್ಳುವಾಗ ಕೇಳಬೇಕಾದ್ದು

"ಶೇಕಡ 95 ಟೆಸ್ಟ್ ಆಗಿದೆ" ಎಂಬ ಮಾತಿಗೆ ಅರ್ಥವಿಲ್ಲ. ಯಾವ ಯಂತ್ರ, ಯಾವ ವೋಲ್ಟ್, ಎಷ್ಟರ ಶೇಕಡ? ಕಡಿಮೆ ವೋಲ್ಟ್‌ನ ಎಮಿಷನ್ ಟೆಸ್ಟರ್ ಮುದಿ ಟ್ಯೂಬನ್ನೂ ಹೊಸದೆಂದು ತೋರಿಸಬಲ್ಲದು. ಪ್ಲೇಟ್ ಕರೆಂಟ್ ಮತ್ತು ಟ್ರಾನ್ಸ್‌ಕಂಡಕ್ಟೆನ್ಸ್ ಎರಡನ್ನೂ ಸಂಖ್ಯೆಯಲ್ಲಿ ಕೇಳಿ, ತಯಾರಕರ ಅಳತೆಯೊಂದಿಗೆ ಹೋಲಿಸಿ. ಇಎಲ್84ಗೆ 250 ವೋಲ್ಟ್, ಮೈನಸ್ 7.3ರಲ್ಲಿ 48 ಮಿಲಿಆಂಪಿಯರ್. 6ವಿ6ಗೆ 250, ಮೈನಸ್ 12.5ರಲ್ಲಿ 45. 6ಎಲ್6ಜಿಸಿಗೆ 250, ಮೈನಸ್ 14ರಲ್ಲಿ 72. ಇಎಲ್34ಗೆ ಪ್ಲೇಟ್ 250, ಸ್ಕ್ರೀನ್ 265, ಮೈನಸ್ 13.5ರಲ್ಲಿ 100. 6550ಗೆ 250, ಮೈನಸ್ 14ರಲ್ಲಿ 140. ಕೆಟಿ88ಗೆ 250, ಮೈನಸ್ 15ರಲ್ಲಿ 140. ಇದರ ಶೇಕಡ 70ಕ್ಕಿಂತ ಕೆಳಗಿದ್ದರೆ ಬೇಡ. ಜೊತೆಯ ನಡುವೆ ಶೇಕಡ 5ಕ್ಕಿಂತ ಹೆಚ್ಚು ಅಂತರವೂ ಬೇಡ, ಮುಖ್ಯವಾಗಿ ಸ್ಟೀರಿಯೊ 70ರಂತೆ ಎರಡು ಟ್ಯೂಬ್‌ಗೆ ಒಂದೇ ಬಯಾಸ್ ಪಾಟ್ ಇರುವಲ್ಲಿ. ಅಸಮ ಕರೆಂಟ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೋರನ್ನು ಒಂದು ಕಡೆಗೆ ಎಳೆದು ತಗ್ಗು ಸ್ವರ ಕೆಡಿಸುತ್ತದೆ, ಹಮ್ ತರುತ್ತದೆ.

ಕಣ್ಣಿನಿಂದ ನೋಡುವಾಗ ಗೆಟರ್, ಅಂದರೆ ಗಾಜಿನ ಒಳಗಿನ ಬೆಳ್ಳಿಬಣ್ಣದ ಲೇಪ, ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ನುಗ್ಗಿದೆ, ಅದು ಸತ್ತ ಟ್ಯೂಬ್. ಅಂಚು ಕಂದಾಗಿ ಲೇಪ ತೆಳುವಾಗಿದ್ದರೆ ಬಹಳ ದುಡಿದಿದೆ. ಗಾಜು ಬುಡದಲ್ಲಿ ಅಲುಗಾಡುತ್ತಿದ್ದರೆ ಗಾಬರಿ ಬೇಡ, ತೆಳು ಸೂಪರ್ ಗ್ಲೂ ಸುತ್ತಲೂ ಇಳಿಸಿದರೆ ನಿಲ್ಲುತ್ತದೆ. ಆದರೆ ಆಕ್ಟಲ್ ಬುಡದ ನಡುವಿನ ಕೀಲಿ ಮುರಿದಿದ್ದರೆ ಬಿಡಿ. ತಿರುಗಿಸಿ ತಪ್ಪಾಗಿ ಕೂರಿಸಿದ ಒಂದೇ ಸಲಕ್ಕೆ ಆಂಪ್ಲಿಫೈಯರ್ ಹಾಳಾಗುತ್ತದೆ. ಮೀಟರ್‌ನಿಂದ ಆಕ್ಟಲ್‌ನ 2 ಮತ್ತು 7ರ ನಡುವೆ ಕೆಲವೇ ಓಮ್ ಬರಬೇಕು, ಪಿನ್ ಜೋಡಣೆ ಬೇರೆಯಿರುವ 7591 ಬಿಟ್ಟು ಉಳಿದವುಗಳಲ್ಲಿ 3, 4, 5, 8ರ ನಡುವೆ ಏನೂ ಬರಕೂಡದು. ಬಿಸಿಯಾದಾಗ ಮಾತ್ರ ಆಗುವ ಶಾರ್ಟ್ ಈ ಪರೀಕ್ಷೆಗೆ ಸಿಗುವುದಿಲ್ಲ, ಅದಕ್ಕೇ ಮರಳಿಸುವ ಅವಕಾಶ ಕೇಳಿಯೇ ಕೊಳ್ಳಿ.

ಹಾಕುವಾಗ

ಮೊದಲು ಹಳೆಯ ಕಪ್ಲಿಂಗ್ ಕೆಪಾಸಿಟರ್‌ಗಳನ್ನು ಪರೀಕ್ಷಿಸಿ. ಪವರ್ ಟ್ಯೂಬ್ ತೆಗೆದು, ಗ್ರಿಡ್ ಪಿನ್‌ನಲ್ಲಿ ಡಿಸಿ ಅಳೆಯಿರಿ. ಕ್ಯಾಥೋಡ್ ಬಯಾಸ್ ಆದರೆ ಸೊನ್ನೆ, ಫಿಕ್ಸೆಡ್ ಆದರೆ ಬಯಾಸ್ ಪಾಟ್‌ನಲ್ಲಿರುವಷ್ಟೇ ವೋಲ್ಟ್ ಇರಬೇಕು. ಅರ್ಧ ವೋಲ್ಟ್ ಪಾಸಿಟಿವ್ ಕಡೆಗೆ ಸರಿದಿದ್ದರೂ ಕೆಪಾಸಿಟರ್ ಸೋರುತ್ತಿದೆ, ಬದಲಿಸಿ. ಟ್ಯೂಬ್ ಇಲ್ಲದಾಗ ಹೈ ವೋಲ್ಟೇಜ್ ಏರುತ್ತದೆ, ಫಿಲ್ಟರ್ ಕೆಪಾಸಿಟರ್‌ನ ವೋಲ್ಟ್ ಮಿತಿ ಮೊದಲೇ ಓದಿಕೊಂಡು ಈ ಅಳತೆಯನ್ನು ಬೇಗ ಮುಗಿಸಿ. ಪಿನ್‌ಗಳ ಕಿಲುಬು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಉಜ್ಜಿ, ಸಾಕೆಟ್‌ನ ಹಿಡಿತ ಸಡಿಲವಾಗಿದ್ದರೆ ಬಿಗಿ ಮಾಡಿ. ಗ್ರಿಡ್ ಪಿನ್ ತಾಗದಿದ್ದರೆ ಬಯಾಸ್ ತಲುಪದೆ ಪ್ಲೇಟ್ ಕೆಂಪಾಗುತ್ತದೆ.

ಪ್ರತಿ ಕ್ಯಾಥೋಡ್‌ಗೂ 10 ಓಮ್, ಶೇಕಡ 1ರ ರೆಸಿಸ್ಟರ್ ಹಾಕಿಸಿಕೊಂಡರೆ ಜೀವನಪೂರ್ತಿ ಅನುಕೂಲ. 500 ಮಿಲಿವೋಲ್ಟ್ ತೋರಿಸಿದರೆ 50 ಮಿಲಿಆಂಪಿಯರ್. ಸ್ಟೀರಿಯೊ 70ರಲ್ಲಿ ಮೂಲತಃ 15.6 ಓಮ್ ಒಂದನ್ನು ಪ್ರತಿ ಜೊತೆ ಟ್ಯೂಬಿಗೆ ಹಾಕಿ 1.56 ವೋಲ್ಟ್ ಇಡುತ್ತಿದ್ದರು, ಎರಡೂ ಸೇರಿ 100 ಮಿಲಿಆಂಪಿಯರ್. ಈ ಅಳತೆಯಲ್ಲಿ ಸ್ಕ್ರೀನ್ ಕರೆಂಟ್ ಸೇರಿರುತ್ತದೆ: ಇಎಲ್34ರಲ್ಲಿ ಸುಮಾರು ಶೇಕಡ 13, ಬೀಮ್ ಟ್ಯೂಬ್‌ಗಳಲ್ಲಿ 5ರಿಂದ 8. ಅದನ್ನು ಕಳೆದು ಲೆಕ್ಕ ಹಾಕಿ. ಕ್ಯಾಥೋಡ್‌ನಲ್ಲಿ 50 ಎಂದರೆ ಪ್ಲೇಟ್‌ಗೆ ಸುಮಾರು 43.5, ಅದನ್ನು 400 ವೋಲ್ಟ್‌ಗೆ ಗುಣಿಸಿದರೆ 17.4 ವ್ಯಾಟ್, ಅಂದರೆ ಮಿತಿಯ ಶೇಕಡ 70. ಫಿಕ್ಸೆಡ್ ಬಯಾಸ್‌ಗೆ ಶೇಕಡ 60ರಿಂದ 70 ಸರಿ, ಹಳೆಯ ದುಬಾರಿ ಟ್ಯೂಬ್‌ಗೆ 60ರಲ್ಲೇ ನಿಲ್ಲಿಸಿ. ಕ್ಯಾಥೋಡ್ ಬಯಾಸ್‌ನಲ್ಲಿ 90ರವರೆಗೆ ಹೋಗಬಹುದು.

ಆನ್ ಮಾಡುವ ಮುನ್ನ ಬಯಾಸನ್ನು ಅತಿ ಹೆಚ್ಚು ನೆಗೆಟಿವ್ ಕಡೆಗೆ ತಿರುಗಿಸಿಡಿ. ಕೋಣೆಯ ದೀಪ ಕಡಿಮೆ ಮಾಡಿ ಪ್ಲೇಟನ್ನೇ ನೋಡುತ್ತಿರಿ. ಗಾಜಿನ ಒಳಮೈಗೆ ಅಂಟಿಕೊಂಡ ನೀಲಿ ಹೊಳಪು ನಿರುಪದ್ರವಿ. ಎಲೆಕ್ಟ್ರೋಡ್‌ಗಳ ನಡುವೆ ತುಂಬಿಕೊಂಡ ನೇರಳೆ ಅಥವಾ ಗುಲಾಬಿ ಮಂಜು ಗ್ಯಾಸ್, ಕೂಡಲೇ ಆಫ್ ಮಾಡಿ. ಕರೆಂಟನ್ನು ಗುರಿಯ ಅರ್ಧಕ್ಕೆ ತಂದು 10 ನಿಮಿಷ ಬಿಡಿ, ನಂತರ ಪೂರ್ತಿಗೆ ಏರಿಸಿ, 5, 15, 30 ನಿಮಿಷಕ್ಕೆ ಅಳತೆ ಬರೆದುಕೊಳ್ಳಿ. ಸ್ವಲ್ಪ ಏರಿ ನಿಂತರೆ ಸರಿ. ಅರ್ಧ ಗಂಟೆಯ ನಂತರವೂ ಏರುತ್ತಲೇ ಇದ್ದರೆ ಗ್ರಿಡ್ ಲೀಕ್ ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿಯಿರಿ: 220 ಕಿಲೋಓಮ್ ಮೇಲೆ 0.44 ವೋಲ್ಟ್ ಎಂದರೆ 2 ಮೈಕ್ರೋಆಂಪಿಯರ್ ಸೋರಿಕೆ. ಇನ್ನೊಂದು ಟ್ಯೂಬನ್ನು ಅದೇ ಸಾಕೆಟ್‌ನಲ್ಲಿಟ್ಟು ನೋಡಿ. ಸೋರಿಕೆ ಟ್ಯೂಬಿನ ಜೊತೆ ಹೋದರೆ ಟ್ಯೂಬ್ ಮರಳಿಸಿ, ಸಾಕೆಟ್‌ನಲ್ಲೇ ಉಳಿದರೆ ಕಪ್ಲಿಂಗ್ ಕೆಪಾಸಿಟರ್ ಬದಲಿಸಿ. ಒಂದು ವಾರ ಬಳಸಿದ ಮೇಲೆ ಬಯಾಸನ್ನು ಮತ್ತೊಮ್ಮೆ ಹೊಂದಿಸಿ, ಆಮೇಲೆ ಆರು ತಿಂಗಳಿಗೊಮ್ಮೆ ಸಾಕು.